ನಂಬಿಕೆಯ ಪರೀಕ್ಷೆ ಯಾರಿಗೆ?

ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಕೊಡುವ ದಿನ ನಮ್ಮ ಶಾಲೆಯಲ್ಲಿ ಪೋಷಕರ ಸಭೆ ಇರುತ್ತದೆ. ಸಭೆ ಎಂದರೆ ಭಾಷಣವಲ್ಲ. ತಾಯಂದಿರು ಒಬ್ಬೊಬ್ಬರಾಗಿ ಬಂದು ನನ್ನ ಮೇಜಿನ ಮುಂದೆ ಕೂತು, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ಮೇಲಿನ ದೂರುಗಳನ್ನೆಲ್ಲ ಒಪ್ಪಿಸಿ ಹೋಗುವ ಕಾರ್ಯಕ್ರಮ. ಕಳೆದ ಸಲ ಒಬ್ಬ ತಾಯಿ ಎಂಟನೇ ತರಗತಿಯ ಮಗಳನ್ನು ಕರೆತಂದಿದ್ದರು. "ಮಿಸ್, ಇವಳಿಗೆ ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ. ಸೈಕಲ್ ತಗೊಂಡು ಗೆಳತಿ ಮನೆಗೆ ಒಬ್ಬಳೇ ಹೋಗ್ತಾಳಂತೆ. ಮೊದಲು ನಮ್ಮ ನಂಬಿಕೆ ಗಳಿಸ್ಕೊಳ್ಳಲಿ, ಆಮೇಲೆ ನೋಡೋಣ ಅಂದ್ರೆ ಮುಖ ಊದಿಸ್ಕೋತಾಳೆ" ಎಂದರು.

ನಾನು ಅಭ್ಯಾಸಬಲದಿಂದ ತಲೆಯಾಡಿಸಿದೆ. "ಹೌದಮ್ಮ, ನಂಬಿಕೆ ಅನ್ನೋದು ಸುಮ್ನೆ ಬರುತ್ತಾ? ಅದನ್ನ ಗಳಿಸ್ಬೇಕು" ಎಂದೆ. ಈ ಮಾತನ್ನು ನಾನು ಎಷ್ಟು ವರ್ಷಗಳಿಂದ ಹೇಳುತ್ತಿದ್ದೇನೆಂದರೆ, ಹೇಳುವಾಗ ಯೋಚಿಸುವುದನ್ನೇ ಬಿಟ್ಟಿದ್ದೇನೆ. ಆ ಹುಡುಗಿ ಕಾಲಬೆರಳಿನಿಂದ ನೆಲ ಕೆರೆಯುತ್ತಿದ್ದವಳು ತಲೆಯೆತ್ತಿ, "ಎಷ್ಟು ಗಳಿಸ್ಬೇಕು ಮಿಸ್?" ಎಂದು ಕೇಳಿದಳು.

ಅದರಲ್ಲಿ ಉದ್ಧಟತನವಿರಲಿಲ್ಲ. ಪಾಸಾಗಲು ಎಷ್ಟು ಅಂಕ ಬೇಕೆಂದು ಕೇಳುವಷ್ಟೇ ಸಹಜವಾಗಿ ಕೇಳಿದ್ದಳು. ತಾಯಿ "ನೋಡಿದ್ರಾ ಮಿಸ್, ಹೇಗೆ ಎದುರು ಮಾತಾಡ್ತಾಳೆ!" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನವರನ್ನು ಕರೆದೆ.

ಉತ್ತರ ಹೊಳೆಯದ ಪ್ರಶ್ನೆಯನ್ನು ಮನೆಗೆ ಹೊತ್ತು ತರುವುದು ಮೇಷ್ಟರುಗಳ ದುರಭ್ಯಾಸ. ಅಡಿಗೆ ಮಾಡುವಾಗ, ಉತ್ತರಪತ್ರಿಕೆ ತಿದ್ದುವಾಗ ಅದೇ ಪ್ರಶ್ನೆ. ನಂಬಿಕೆಯನ್ನು ಮಕ್ಕಳು ಗಳಿಸಬೇಕು ಎಂದು ನಮಗೆ ಹೇಳಿಕೊಟ್ಟವರು ಯಾರು? ಕೇಳಿದರೆ ನನ್ನ ಸಹೋದ್ಯೋಗಿಗಳು ಥಟ್ಟನೆ ಹೇಳುವುದು: "ಮಕ್ಕಳ ಕಥೆಗಳೆಲ್ಲ ಅದನ್ನೇ ಹೇಳೋದಲ್ವೇನ್ರೀ? ಸುಳ್ಳು ಹೇಳಿದ ಪಿನೋಕಿಯೋಗೆ ಮೂಗು ಬೆಳೀತು. ಒಳ್ಳೆಯವನಾದ ಮೇಲೆ ನಿಜವಾದ ಹುಡುಗ ಆದ."

ಇಲ್ಲಿಯೇ ನನ್ನ ತಕರಾರು. ಆ ಕಥೆಗಳು ಅದನ್ನು ಹೇಳುವುದಿಲ್ಲ. ನಾವು ಅವುಗಳ ಬಾಯಲ್ಲಿ ಹಾಗೆ ಹೇಳಿಸುತ್ತಿದ್ದೇವೆ.

ಪಿನೋಕಿಯೋನನ್ನೇ ತೆಗೆದುಕೊಳ್ಳಿ. ಇಟಲಿಯ ಕಾರ್ಲೋ ಕೊಲ್ಲೋದಿ ಇದನ್ನು 1881ರಿಂದ ಮಕ್ಕಳ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬರೆದ, 1883ರಲ್ಲಿ ಪುಸ್ತಕವಾಯಿತು. ಸುಳ್ಳಿಗೆ ಮೂಗು ಬೆಳೆಯುವುದು ಇಡೀ ಪುಸ್ತಕದಲ್ಲಿ ಒಂದೆರಡು ಕಡೆ ಮಾತ್ರ. ನಮಗೆ ಜ್ಞಾಪಕವಿರುವುದು ಅದೊಂದೇ! ಮಗುವಿನ ಸುಳ್ಳು ಮುಖದ ಮೇಲೆಯೇ ಕಾಣುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬ ಆಸೆ ನಮಗಿದೆಯಲ್ಲ, ಅದಕ್ಕೆ. ಆದರೆ ಅದೇ ಪುಸ್ತಕದ ಆರಂಭದಲ್ಲಿ, ಆ ಮರದ ಬೊಂಬೆ ಇನ್ನೂ ಒಂದೂ ಒಳ್ಳೆಯ ಕೆಲಸ ಮಾಡಿಲ್ಲದಿರುವಾಗ, ಬಡ ಬಡಗಿ ಜೆಪ್ಪೆತ್ತೋ ಚಳಿಗಾಲದಲ್ಲಿ ತನ್ನ ಕೋಟನ್ನು ಮಾರಿ ಅದಕ್ಕೆ ಅಕ್ಷರಮಾಲೆಯ ಪುಸ್ತಕ ತಂದುಕೊಡುತ್ತಾನೆ. ಬೊಂಬೆ ಆ ಪುಸ್ತಕವನ್ನು ಮಾರಿ ಆಟ ನೋಡಲು ಹೋಗುತ್ತದೆ. ಲೆಕ್ಕದ ಪ್ರಕಾರ ಅಲ್ಲಿಗೆ ನಂಬಿಕೆಯ ಖಾತೆ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಮಗನನ್ನು ಹುಡುಕುತ್ತ ಆ ಮುದುಕ ಸಮುದ್ರಕ್ಕಿಳಿದ.

ಕೊನೆಯಲ್ಲಿ ಪಿನೋಕಿಯೋ ಕಾಯಿಲೆ ಬಿದ್ದ ತಂದೆಗೆ ಒಂದು ಲೋಟ ಹಾಲಿಗಾಗಿ ನೂರು ಬಕೆಟ್ ನೀರೆತ್ತುತ್ತಾನೆ. ಒಂದು ದಿನವಲ್ಲ, ಐದು ತಿಂಗಳು. ಯಾರೂ ಪರೀಕ್ಷೆ ಇಟ್ಟು ಅವನಿಂದ ಮಾಡಿಸಿದ್ದಲ್ಲ. ಒಬ್ಬ ತನಗಾಗಿ ಕೋಟು ಮಾರಿದ್ದನ್ನು ಕಂಡ ಮಗು ದೊಡ್ಡದಾದ ಮೇಲೆ ಮಾಡಿದ ಕೆಲಸ ಅದು. ಕೋಟು ಮೊದಲು, ಬಕೆಟ್ ಆಮೇಲೆ. ನಾವು ಮೊದಲು ಬಕೆಟ್ ತೋರಿಸುತ್ತೇವೆ.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಪಿನೋಕಿಯೋನ ಚಿನ್ನದ ನಾಣ್ಯಗಳನ್ನು ನರಿ ಮತ್ತು ಬೆಕ್ಕು ಮೋಸದಿಂದ ಲಪಟಾಯಿಸುತ್ತವೆ. ಅವನು ನ್ಯಾಯಾಲಯಕ್ಕೆ ಹೋದರೆ ಗೊರಿಲ್ಲಾ ನ್ಯಾಯಾಧೀಶ ಎಲ್ಲವನ್ನೂ ಕೇಳಿ, ಮನಸ್ಸು ಕರಗಿ, ಕಳಕೊಂಡವನನ್ನೇ ಜೈಲಿಗೆ ಹಾಕುತ್ತಾನೆ. ನಾಲ್ಕು ತಿಂಗಳಾದ ಮೇಲೆ ಕೈದಿಗಳಿಗೆಲ್ಲ ಕ್ಷಮಾದಾನ ಸಿಕ್ಕಿದಾಗ ಕಾವಲುಗಾರ ಇವನನ್ನು ಮಾತ್ರ ಬಿಡುವುದಿಲ್ಲ. ಬಿಡುಗಡೆ ಇರುವುದು ಕಳ್ಳರಿಗೆ, ಇವನು ಕಳ್ಳನಲ್ಲವಲ್ಲ! ತಾನೂ ಕಳ್ಳನೇ ಎಂದು ಹೇಳಿದ ಮೇಲೆ ಬಾಗಿಲು ತೆರೆಯುತ್ತದೆ. ಮಕ್ಕಳು ಇದನ್ನು ಓದಿ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಯಾಕೆಂದು ಈಗ ಹೇಳಬೇಕು.

1997ನೇ ಇಸವಿ. ನಾನು ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿಗೆ ಕ್ಲಾಸ್ ಟೀಚರ್. ಗ್ರೂಪ್ ಫೋಟೋ ತೆಗೆಸಲು ತಲೆಗೆ ಹದಿನೈದು ರೂಪಾಯಿಯಂತೆ ವಸೂಲು ಮಾಡುತ್ತಿದ್ದೆ. ಒಂದು ಶುಕ್ರವಾರ ಹನ್ನೆರಡು ಮಕ್ಕಳು ಕೊಟ್ಟಿದ್ದ ನೂರ ಎಂಬತ್ತು ರೂಪಾಯಿ ಕಾಣಲಿಲ್ಲ. ಮೇಜಿನ ಡ್ರಾಯರಿನಲ್ಲೇ ಇಟ್ಟಿದ್ದೆ ಎಂಬುದು ನನ್ನ ಖಾತ್ರಿ. ಪಿ.ಟಿ. ಪೀರಿಯಡ್‌ನಲ್ಲಿ ಎಲ್ಲರೂ ಮೈದಾನಕ್ಕೆ ಹೋಗಿದ್ದಾಗ ಒಬ್ಬ ಹುಡುಗಿ ಹೊಟ್ಟೆನೋವೆಂದು ಕ್ಲಾಸಿನಲ್ಲೇ ಕೂತಿದ್ದಳು. ತಂದೆ ಇಲ್ಲದ ಮನೆ. ತಾಯಿ ನಾಲ್ಕು ಮನೆಗೆ ಹಾಲು ಹಾಕುತ್ತಿದ್ದರು. ಫೋಟೋದ ದುಡ್ಡು ಕೊಡದೆ ಉಳಿದವರಲ್ಲಿ ಅವಳೂ ಒಬ್ಬಳು. ಇನ್ನೇನು ಬೇಕು? ನನ್ನ ಮನಸ್ಸಿನಲ್ಲಿ ವಿಚಾರಣೆ ಮುಗಿದುಹೋಯಿತು.

ನಾನು ಹೊಡೆಯಲಿಲ್ಲ. ಬೈಯಲೂ ಇಲ್ಲ. ಬಿ.ಎಡ್. ಮಾಡಿದವಳಲ್ಲವೆ, ಮನಶ್ಶಾಸ್ತ್ರ ಓದಿದ್ದೆ. ಎಲ್ಲರ ಮುಂದೆ, ಯಾರ ಹೆಸರನ್ನೂ ಹೇಳದೆ, ಕಣ್ಣು ಮಾತ್ರ ಅವಳ ಮೇಲಿಟ್ಟು, "ತೆಗೆದವರು ಒಪ್ಪಿಕೊಂಡರೆ ಏನೂ ಮಾಡೋದಿಲ್ಲ. ಒಪ್ಪಿಕೊಳ್ಳದಿದ್ರೆ ಈ ವರ್ಷ ಫೋಟೋನೇ ಇಲ್ಲ" ಎಂದೆ. ಇಡೀ ಕ್ಲಾಸು ಅವಳತ್ತ ತಿರುಗಿತು. ಸೋಮವಾರ ಅವಳ ಬೆಂಚಿನಲ್ಲಿ ಅವಳೊಬ್ಬಳೇ ಕೂತಿದ್ದಳು. ಮಂಗಳವಾರ ಬಂದು, "ನಾನೇ ತೆಗೆದೆ ಮಿಸ್" ಎಂದಳು. ಬುಧವಾರ ನೂರ ಎಂಬತ್ತು ರೂಪಾಯಿ ತಂದುಕೊಟ್ಟಳು. ಎಲ್ಲವೂ ಹತ್ತು, ಐದು, ಎರಡರ ನೋಟುಗಳು. ಅವುಗಳಿಗೆ ಕೊಟ್ಟಿಗೆಯ ವಾಸನೆ ಇತ್ತು. ಕದ್ದ ದುಡ್ಡಿಗೆ ಹಾಲಿನವರ ದುಡ್ಡಿನ ವಾಸನೆ ಹೇಗೆ ಬಂತು ಎಂದು ನಾನು ಆಗ ಕೇಳಿಕೊಳ್ಳಲಿಲ್ಲ. ಬದಲಿಗೆ ಸ್ಟಾಫ್ ರೂಮಿನಲ್ಲಿ ನನ್ನ ಜಾಣತನಕ್ಕೆ ಶಹಭಾಸ್‌ಗಿರಿ ಪಡೆದೆ.

ಎರಡು ವಾರದ ಮೇಲೆ ಹಾಜರಿ ಪುಸ್ತಕದ ಹೊದಿಕೆ ಹರಿದಿದೆಯೆಂದು ಹೊಸ ಕಾಗದ ಹಾಕಲು ಕೂತೆ. ಹಳೆಯ ಕಂದು ಕಾಗದದ ಮಡಿಕೆಯೊಳಗಿಂದ ನೋಟುಗಳು ಬಿದ್ದವು. ಎಣಿಸಿದೆ. ನೂರ ಎಂಬತ್ತು.

ಆಮೇಲೆ ನಾನೇನು ಮಾಡಿದೆ? ದುಡ್ಡನ್ನು ಲಕೋಟೆಗೆ ಹಾಕಿ, ಶಾಲೆ ಬಿಟ್ಟ ಮೇಲೆ ಕಾರಿಡಾರಿನಲ್ಲಿ ಅವಳ ಕೈಗಿಟ್ಟು, "ಇದು ನಿಂದು, ಸಿಕ್ತು" ಎಂದೆ. ಅವಳು ತಗೊಂಡಳು. ನಾನು ಕ್ಷಮಿಸು ಎನ್ನಲಿಲ್ಲ. ಕ್ಲಾಸಿನ ಮುಂದೆ ಹೇಳಲಿಲ್ಲ. ಟೀಚರು ಮಕ್ಕಳ ಮುಂದೆ ತಪ್ಪೊಪ್ಪಿಕೊಂಡರೆ ಶಿಸ್ತು ಉಳಿಯುತ್ತದೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟರಲ್ಲಿ ಫೋಟೋ ತೆಗೆಸಿ ಆಗಿತ್ತು. ಅವಳು ಆ ದಿನ ಶಾಲೆಗೆ ಬಂದಿರಲಿಲ್ಲ. ಆ ವರ್ಷದ ಗ್ರೂಪ್ ಫೋಟೋದಲ್ಲಿ ನಾನು ನಡುವೆ ಕುರ್ಚಿಯಲ್ಲಿ ಕೂತಿದ್ದೇನೆ. ಅವಳಿಲ್ಲ.

ಇದಾಗಿ ಹತ್ತು ಹನ್ನೆರಡು ವರ್ಷಗಳ ಮೇಲೆ ನನ್ನ ಮಗಳು ಲೈಬ್ರರಿಯಿಂದ 'ಆನ್ ಆಫ್ ಗ್ರೀನ್ ಗೇಬಲ್ಸ್' ಎಂಬ ದಪ್ಪ ಪುಸ್ತಕ ತಂದಳು. ಕೆನಡಾದ ಎಲ್. ಎಂ. ಮಾಂಟ್‌ಗೊಮರಿ ಎಂಬಾಕೆ 1908ರಲ್ಲಿ ಪ್ರಕಟಿಸಿದ್ದು. ನನ್ನ ಬಿ.ಎ. ಇಂಗ್ಲಿಷಿಗೆ ಪಕ್ಕದಲ್ಲಿ ನಿಘಂಟು ಬೇಕಾಯಿತು. ಆದರೂ ಬಿಡದೆ ಓದಿದೆ. ವಯಸ್ಸಾದ ಅಣ್ಣ ತಂಗಿ, ಮ್ಯಾಥ್ಯೂ ಮತ್ತು ಮರಿಲ್ಲಾ, ಹೊಲದ ಕೆಲಸಕ್ಕೆಂದು ಅನಾಥಾಲಯದಿಂದ ಹುಡುಗನನ್ನು ಕೇಳಿದರೆ, ತಪ್ಪಿ ಹನ್ನೊಂದು ವರ್ಷದ ಹುಡುಗಿ ಆನ್ ಬಂದಿಳಿಯುತ್ತಾಳೆ. ಮನೆಯಲ್ಲಿ ಇಟ್ಟುಕೊಳ್ಳುವುದೋ ವಾಪಸು ಕಳಿಸುವುದೋ ಎಂಬ ತಕ್ಕಡಿಯಲ್ಲೇ ಅವಳ ಮೊದಲ ದಿನಗಳು ಕಳೆಯುತ್ತವೆ.

ಆ ಪುಸ್ತಕದಲ್ಲಿ ಮರಿಲ್ಲಾಳ ಹರಳಿನ ಬ್ರೂಚ್ ಕಳೆದುಹೋಗುತ್ತದೆ. ತಾಯಿಯಿಂದ ಬಂದ ಒಡವೆ. ಆನ್ ಅದನ್ನು ಮುಟ್ಟಿದ್ದು ನಿಜ, ಹಾಕಿಕೊಂಡು ನೋಡಿದ್ದೂ ನಿಜ, ಮತ್ತೆ ಇದ್ದಲ್ಲೇ ಇಟ್ಟೆ ಎನ್ನುತ್ತಾಳೆ. ಮರಿಲ್ಲಾ ನಂಬುವುದಿಲ್ಲ. ಒಪ್ಪಿಕೊಳ್ಳುವ ತನಕ ಕೋಣೆಯಿಂದ ಹೊರಗೆ ಬರಕೂಡದು ಎನ್ನುತ್ತಾಳೆ. ಹುಡುಗಿ ಎಷ್ಟೋ ದಿನದಿಂದ ಕಾಯುತ್ತಿದ್ದ ಪಿಕ್ನಿಕ್ ಹತ್ತಿರವಾಗುತ್ತದೆ. ಹೋಗಲು ಬಿಟ್ಟಾರೆಂಬ ಆಸೆಯಿಂದ ಆನ್ ಒಂದು ಸುಳ್ಳು ತಪ್ಪೊಪ್ಪಿಗೆಯನ್ನು ಕಟ್ಟಿ, ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸುತ್ತಾಳೆ, ಬ್ರೂಚ್ ನೀರಿಗೆ ಬಿತ್ತು ಎಂದು. ಆಮೇಲೆ ಮರಿಲ್ಲಾ ತನ್ನ ಕಪ್ಪು ಶಾಲು ಹೊಲಿಯಲು ತೆಗೆದರೆ ಬ್ರೂಚ್ ಅದರ ನೂಲಿಗೆ ಸಿಕ್ಕಿಕೊಂಡು ನೇತಾಡುತ್ತಿದೆ!

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಹಿತ್ತಲಿಗೆ ಹೋದೆ. ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಶಾಲಿನ ನೂಲು, ಹಾಜರಿ ಪುಸ್ತಕದ ಹೊದಿಕೆ. ನೂರು ವರ್ಷದ ಹಿಂದೆ, ಕಂಡು ಕೇಳರಿಯದ ದೇಶದಲ್ಲಿ ಒಬ್ಬಾಕೆ ನನ್ನ ಕಥೆ ಬರೆದಿಟ್ಟಿದ್ದಳು.

ಆದರೆ ಅರ್ಧ ಮಾತ್ರ ನನ್ನ ಕಥೆ. ಯಾಕೆಂದರೆ ಮರಿಲ್ಲಾ ಬ್ರೂಚನ್ನು ಸುಮ್ಮನೆ ಪೆಟ್ಟಿಗೆಗೆ ಸೇರಿಸಲಿಲ್ಲ. ನೇರವಾಗಿ ಮೆಟ್ಟಿಲು ಹತ್ತಿ ಹೋಗಿ, ತಾನು ನಂಬಬೇಕಿತ್ತು, ನಂಬದೆ ನಿನ್ನಿಂದ ಸುಳ್ಳು ಹೇಳಿಸಿದೆ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದಳು. ಹನ್ನೊಂದು ವರ್ಷದ ಅನಾಥೆಯ ಹತ್ತಿರ! ಆಮೇಲೆ ಪಿಕ್ನಿಕ್ಕಿಗೂ ಕಳಿಸಿದಳು. ಆ ಮನೆ ಆ ಹುಡುಗಿಗೆ ಮನೆಯಾಗಲು ಶುರುವಾದದ್ದು ಅಲ್ಲಿಂದ ಎಂದು ನನಗನ್ನಿಸುತ್ತದೆ. ಆ ಅಧ್ಯಾಯದಲ್ಲಿ ಬೆಳೆದವಳು ಆನ್ ಅಲ್ಲ, ಮರಿಲ್ಲಾ. ನಂಬಿಕೆ ಗಳಿಸಿದವಳೂ ಮರಿಲ್ಲಾಳೇ.

ಇದನ್ನು ನಾವು ಮಕ್ಕಳಿಗೆ ಹೇಗೆ ಕೊಡುತ್ತೇವೆ ಗೊತ್ತೇ? ಇದೇ ಪುಸ್ತಕದ ಒಂದು ಸಂಕ್ಷಿಪ್ತ ಪ್ರತಿ ನಮ್ಮ ಶಾಲೆಯ ಕಪಾಟಿಗೂ ಬಂದಿತ್ತು. ತೆಗೆದು ನೋಡಿದೆ. ಬ್ರೂಚ್ ಕಳೆಯುತ್ತದೆ, ಆನ್ ಸುಳ್ಳು ಹೇಳುತ್ತಾಳೆ, ಬ್ರೂಚ್ ಸಿಗುತ್ತದೆ, ಎಲ್ಲರೂ ಪಿಕ್ನಿಕ್ಕಿಗೆ ಹೋಗುತ್ತಾರೆ. ಮರಿಲ್ಲಾಳ ಕ್ಷಮೆ ಮಾಯ! ಕೊನೆಯಲ್ಲಿ ಪ್ರಶ್ನೆ: 'ಆನ್ ಮಾಡಿದ ತಪ್ಪೇನು?' ಪುಟ ಉಳಿಸಲು ಏನನ್ನು ಕತ್ತರಿಸಬೇಕೆಂದು ದೊಡ್ಡವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಒಂದೇ ಪುಸ್ತಕ ಹಿಡಿದು ವಾದಿಸುತ್ತೀರಿ ಎನ್ನಬೇಡಿ. ನಮ್ಮದೇ ಆರ್. ಕೆ. ನಾರಾಯಣ್ ಅವರ ಸ್ವಾಮಿ ಇದ್ದಾನಲ್ಲ. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರ ಪುಸ್ತಕ. ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ಮೂಲಕ 1980ರ ದಶಕದಲ್ಲಿ ಅವನು ನಮ್ಮೆಲ್ಲರ ಮನೆಗೆ ಬಂದ. ಕ್ರಿಕೆಟ್ ಅಭ್ಯಾಸಕ್ಕೆ ಹೋಗಬೇಕು, ಆದರೆ ಶಾಲೆಯ ಡ್ರಿಲ್ ಅಡ್ಡ ಬರುತ್ತದೆ. ಸ್ವಾಮಿ ಡಾಕ್ಟರ ಬಳಿ ಹೋಗಿ ಸರ್ಟಿಫಿಕೇಟು ಕೇಳುತ್ತಾನೆ. ಡಾಕ್ಟರು ನಕ್ಕು, ನಾನೇ ಹೆಡ್‌ಮಾಸ್ಟರಿಗೆ ಹೇಳುತ್ತೇನೆ ಎನ್ನುತ್ತಾರೆ. ಹೇಳುವುದಿಲ್ಲ. ಅವರಿಗೆ ಅದು ಮಗುವಿಗೆ ಹೇಳಿದ ಮಾತು, ಅಂದರೆ ಮಾತೇ ಅಲ್ಲ. ಸ್ವಾಮಿ ಆ ಮಾತನ್ನು ನಂಬಿ ಡ್ರಿಲ್ ತಪ್ಪಿಸಿ ಬೆತ್ತದ ಮುಂದೆ ನಿಲ್ಲಬೇಕಾಯಿತು. ಬೆತ್ತ ಕಿತ್ತು ಕಿಟಕಿಯಾಚೆ ಎಸೆದು ಓಡಿದ, ಊರು ಬಿಟ್ಟ, ಕಾಡಿನಲ್ಲಿ ದಾರಿ ತಪ್ಪಿದ, ಮ್ಯಾಚಿಗೆ ಬರಲಾಗಲಿಲ್ಲ. ಗೆಳೆಯ ರಾಜಂ ಅವನನ್ನು ಬಿಟ್ಟೇಬಿಟ್ಟ. ಊರು ಬಿಟ್ಟು ಹೊರಟ ರಾಜಂಗೆ ರೈಲ್ವೆ ಸ್ಟೇಷನ್ನಿನಲ್ಲಿ ಕಥೆಪುಸ್ತಕವೊಂದನ್ನು ಕೊಡಲು ಆ ಹುಡುಗ ಪಡುವ ಪಾಡು ಓದಿದರೆ ಗಂಟಲು ಕಟ್ಟುತ್ತದೆ. 'ಮಾತಿಗೆ ತಪ್ಪಿದ್ದಕ್ಕೆ ಸ್ವಾಮಿ ಗೆಳೆಯನನ್ನು ಕಳೆದುಕೊಂಡ' ಎಂದು ನಾವು ನೀತಿ ಬರೆಸುತ್ತೇವೆ. ಮೊದಲು ಮಾತು ತಪ್ಪಿದ ಡಾಕ್ಟರಿಗೆ ಯಾವ ನೀತಿ?

ಕುವೆಂಪು ಅವರ ಕಿಂದರಿಜೋಗಿಯನ್ನು ಯಾವ ಕನ್ನಡದ ಮಗು ಓದಿಲ್ಲ? ಇಂಗ್ಲಿಷಿನ ಬ್ರೌನಿಂಗ್ ಕವಿಯಿಂದ ಬಂದ ಕಥೆಯಾದರೂ ಬೊಮ್ಮನಹಳ್ಳಿ ನಮ್ಮದೇ ಆಗಿಹೋಗಿದೆ. ಇಲಿ ಓಡಿಸಿದರೆ ಹಣ ಕೊಡುತ್ತೇವೆಂದ ದೊಡ್ಡವರು ಕೆಲಸವಾದ ಮೇಲೆ ಕೈ ಅಲ್ಲಾಡಿಸಿದರು. ಮಕ್ಕಳು ಜೋಗಿಯ ಹಿಂದೆ ಹೊರಟುಹೋದರು. ಒಮ್ಮೆ ಇದರ ನೀತಿಯೇನೆಂದು ಆರನೇ ಕ್ಲಾಸಿನಲ್ಲಿ ಕೇಳಿದಾಗ ಒಬ್ಬ ಹುಡುಗ, "ದೊಡ್ಡೋರು ಮಾತು ತಪ್ಪಿದ್ರೆ ಮಕ್ಕಳು ಕೈಗೆ ಸಿಗಲ್ಲ ಮಿಸ್" ಎಂದಿದ್ದ. ಸ್ಟಾಫ್ ರೂಮಿನಲ್ಲಿ ಅದನ್ನು ಹೇಳಿ ಎಲ್ಲರೂ ನಕ್ಕೆವು. ಅದಕ್ಕಿಂತ ಸರಿಯಾದ ಉತ್ತರವನ್ನು ನಾನು ಇವತ್ತಿಗೂ ಕೇಳಿಲ್ಲ.

ಗೋವಿನ ಹಾಡನ್ನೂ ಒಮ್ಮೆ ಈ ಕಣ್ಣಿನಿಂದ ನೋಡಿ. ಪುಣ್ಯಕೋಟಿಯ ಸತ್ಯವನ್ನು ನಾವು ಹಾಡಿ ಹೊಗಳುತ್ತೇವೆ, ಅದು ಸರಿಯೇ. ಆದರೆ ಕರುವಿಗೆ ಹಾಲೂಡಿಸಿ ಬರುತ್ತೇನೆಂದ ಹಸುವನ್ನು ಹಸಿದ ಹುಲಿ ಬಿಟ್ಟಿತಲ್ಲ! ಅನುಮಾನಪಟ್ಟರೂ ಬಿಟ್ಟಿತು. 'ಮೊದಲು ನನ್ನ ನಂಬಿಕೆ ಗಳಿಸು' ಎಂದು ಕೂತಿದ್ದರೆ ಹಾಡು ಮೂರನೇ ಪದ್ಯಕ್ಕೇ ಮುಗಿಯುತ್ತಿತ್ತು. ಕೈಯಲ್ಲಿ ಬಲ ಇದ್ದವರು ನಂಬಿಕೆಯನ್ನು ಮೊದಲು ಕೊಡಬೇಕು, ಬಲ ಇಲ್ಲದವರು ಅದನ್ನು ಉಳಿಸಿಕೊಳ್ಳುತ್ತಾರೆ. ಕ್ರಮ ಇರುವುದು ಹಾಗೆ. ಹುಲಿಗೆ ತಿಳಿದದ್ದು ಬಿ.ಎಡ್. ಮಾಡಿದ ನನಗೆ ತಿಳಿಯಲಿಲ್ಲ.

ಬಲದ ಮಾತು ಬಂತು. ಅಮೆರಿಕದ ಮಾರ್ಕ್ ಟ್ವೇನ್ ಬರೆದ ಹಕ್ಲ್‌ಬೆರಿ ಫಿನ್ನನ ಕಥೆಯಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಪುಸ್ತಕ ಅಮೆರಿಕದಲ್ಲಿ ಪ್ರಕಟವಾದದ್ದು 1885ರಲ್ಲಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಹೊರಟ ಜಿಮ್ ಮತ್ತು ಬಿಳಿಯ ಹುಡುಗ ಹಕ್ ತೆಪ್ಪದಲ್ಲಿ ಹೋಗುವಾಗ ಮಂಜಿನಲ್ಲಿ ಬೇರೆಯಾಗುತ್ತಾರೆ. ಹಕ್ ಮರಳಿ ಬಂದು, ಏನೂ ಆಗೇ ಇಲ್ಲ, ಎಲ್ಲ ನಿನ್ನ ಕನಸು ಎಂದು ತಮಾಷೆ ಮಾಡುತ್ತಾನೆ. ಇವನು ಸತ್ತೇಹೋದನೆಂದು ಎದೆಯೊಡೆದುಕೊಂಡಿದ್ದ ಜಿಮ್ ನೊಂದುಕೊಳ್ಳುತ್ತಾನೆ. ಹೋಗಿ ಕ್ಷಮೆ ಕೇಳಲು ಹಕ್‌ಗೆ ಹದಿನೈದು ನಿಮಿಷ ಹಿಡಿಯುತ್ತದೆ. ಆದರೂ ಕೇಳುತ್ತಾನೆ. ಅವನು ವಯಸ್ಸಿನಲ್ಲಿ ಕಿರಿಯ, ಆದರೆ ಆ ಸಮಾಜದಲ್ಲಿ ಅಧಿಕಾರ ಅವನ ಚರ್ಮದ ಕಡೆ ಇತ್ತು. ಬಾಗಬೇಕಾದವನು ಅಧಿಕಾರ ಇದ್ದವನು. ಅವನಿಗೆ ಹದಿನೈದು ನಿಮಿಷ ಸಾಕಾಯಿತು. ನಾನು ತೆಗೆದುಕೊಂಡ ಕಾಲವನ್ನು ಆಮೇಲೆ ಹೇಳುತ್ತೇನೆ.

ಈ ಪುಸ್ತಕಗಳೆಲ್ಲ ಪರಮ ಪವಿತ್ರ ಎಂದೂ ನಾನು ಹೇಳುವವಳಲ್ಲ. ಅವುಗಳಲ್ಲಿಯೂ ಪಕ್ಷಪಾತ ಬೇಕಾದಷ್ಟಿದೆ. 'ಸೀಕ್ರೆಟ್ ಗಾರ್ಡನ್' ಎಂಬ 1911ರ ಕಾದಂಬರಿಯ ಮೇರಿ ಭಾರತದಲ್ಲಿ ಹುಟ್ಟಿದ ಇಂಗ್ಲಿಷ್ ಹುಡುಗಿ. ಕಾಲರಾದಲ್ಲಿ ತಂದೆತಾಯಿ ತೀರಿಕೊಂಡು ಇಂಗ್ಲೆಂಡಿಗೆ ಹೋಗುತ್ತಾಳೆ. ಅಲ್ಲಿ ಒಂದು ತುಂಡು ನೆಲ ಕೇಳಿದಾಗ ಅವಳ ಮಾವ ಎಲ್ಲಿ ಬೇಕೋ ಅಲ್ಲಿ ತಗೋ ಎನ್ನುತ್ತಾನೆ. ಹುಡುಗಿ ಬೆಳೆಯುವುದೇ ಆ ನೆಲದಲ್ಲಿ. ಚೆಂದದ ಕಥೆ. ಆದರೆ ಭಾರತದಲ್ಲಿ ಅವಳಿಂದ ಏಟು ತಿಂದು ಅವಳನ್ನು ಸಾಕಿದ ಆಯಾ ಕಾಲರಾದಲ್ಲಿ ಸತ್ತದ್ದಕ್ಕೆ ಆ ಪುಸ್ತಕದಲ್ಲಿ ಒಂದು ತೊಟ್ಟು ಕಣ್ಣೀರಿಲ್ಲ. ನಂಬಿಕೆ ಯಾರಿಗೆ, ಯಾರಿಗಿಲ್ಲ ಎಂಬ ಲೆಕ್ಕ ಅಲ್ಲಿಯೂ ಇದೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರಂತೂ ಆ ಲೆಕ್ಕ ನಮಗೆಲ್ಲ ಪರಿಚಿತ. 1883ರಲ್ಲಿ ಪುಸ್ತಕವಾದ 'ಟ್ರೆಷರ್ ಐಲೆಂಡ್'ನಲ್ಲಿ ಜಿಮ್ ಹಾಕಿನ್ಸ್ ಎಂಬ ಹುಡುಗ ಕಡಲ್ಗಳ್ಳನಿಗೆ ಕೊಟ್ಟ ಮಾತಿಗೂ ತಪ್ಪುವುದಿಲ್ಲ. ಓಡಿಬಾ ಎಂದು ಡಾಕ್ಟರು ಕರೆದರೂ ಹೋಗುವುದಿಲ್ಲ. ಗಂಡುಹುಡುಗ ಮಾತು ಉಳಿಸಿಕೊಂಡು ದೊಡ್ಡವನಾಗುತ್ತಾನೆ. ಹುಡುಗಿ? ಲೂಯಿಸಾ ಆಲ್ಕಾಟ್ 1868ರಲ್ಲಿ ಬರೆದ 'ಲಿಟ್ಲ್ ವಿಮೆನ್'ನ ಜೋ ತಲೆಗೂದಲು ಕತ್ತರಿಸಿ ಇಪ್ಪತ್ತೈದು ಡಾಲರಿಗೆ ಮಾರಬೇಕು, ಸಿಟ್ಟು ನುಂಗುವುದನ್ನು ಕಲಿಯಬೇಕು. ಆನ್ ತನಗೆ ಸಿಕ್ಕ ವಿದ್ಯಾರ್ಥಿವೇತನ ಬಿಟ್ಟು, ಕಣ್ಣು ಮಂಜಾಗುತ್ತಿರುವ ಮರಿಲ್ಲಾಳ ಜೊತೆ ಉಳಿಯುತ್ತಾಳೆ. ಅದಕ್ಕೂ ಮೊದಲೇ ಒಂದು ದಿನ ಮರಿಲ್ಲಾ ಗಮನಿಸುತ್ತಾಳೆ: ಈ ಹುಡುಗಿ ಮೊದಲಿನಷ್ಟು ಮಾತಾಡುವುದಿಲ್ಲವಲ್ಲ! ಮಾತು ಕಡಿಮೆಯಾದರೆ ಹುಡುಗಿ ಬೆಳೆದಳು ಎಂದರ್ಥ. ನಮ್ಮ ಊರುಗಳಲ್ಲಿಯೂ ಅಷ್ಟೇ ಅಲ್ಲವೇ? 'ಎಷ್ಟು ಒಳ್ಳೆ ಹುಡುಗಿ, ಬಾಯೇ ಇಲ್ಲ' ಎಂದು ಮದುವೆಮನೆಯಲ್ಲಿ ಹೊಗಳುತ್ತೇವಲ್ಲ!

ಅದೇ ಆನ್, ಹಣ್ಣಿನ ಪಾನಕವೆಂದು ತಿಳಿದು ಗೆಳತಿಗೆ ವೈನ್ ಕುಡಿಸಿಬಿಡುತ್ತಾಳೆ. ಪಾನಕ ಇಂಥಲ್ಲಿದೆ ಎಂದು ತಪ್ಪು ಜಾಗ ಹೇಳಿದ್ದವಳು ಮರಿಲ್ಲಾ. ಗೆಳತಿಯ ತಾಯಿ ನಂಬುವುದಿಲ್ಲ, ಬಾಗಿಲು ಮುಚ್ಚುತ್ತಾಳೆ. ಮತ್ತೆ ತೆರೆಯುವುದು ಯಾವಾಗ? ಆ ಮನೆಯ ಮೂರು ವರ್ಷದ ಮಗುವಿಗೆ ಗಂಟಲು ಕಟ್ಟಿ ಉಸಿರು ನಿಲ್ಲುವಂತಾದಾಗ ಆನ್ ರಾತ್ರಿಯೆಲ್ಲ ಕೂತು ಅದರ ಜೀವ ಉಳಿಸಿದ ಮೇಲೆ! ಮಾಡದ ತಪ್ಪಿಗೆ ಒಂದು ಪ್ರಾಣ ಉಳಿಸಿಕೊಡಬೇಕಾಯಿತು. 'ಎಷ್ಟು ಗಳಿಸ್ಬೇಕು ಮಿಸ್' ಎಂದು ಆ ಹುಡುಗಿ ಕೇಳಿದ್ದಕ್ಕೆ ಇದೇ ಉತ್ತರವೇ? ಗಂಟಲು ಕಟ್ಟಿದ ಮಗು ಸಿಗದ ಸಾಮಾನ್ಯ ಹುಡುಗಿಯರು ಏನು ಮಾಡಬೇಕು?

ನೀವು ಕೇಳಬಹುದು, "ಹಾಗಾದ್ರೆ ಮಕ್ಕಳನ್ನ ಹೇಗೆ ಬೇಕೋ ಹಾಗೆ ಬಿಟ್ಟುಬಿಡೋಣವೇ? ಕಾಲ ಹೇಗಿದೆ, ಮೊಬೈಲು ಹೇಗಿದೆ, ನಿಮಗೆ ಗೊತ್ತಿಲ್ಲವೇ?" ಗೊತ್ತಿದೆ. ನಾನೂ ಹೆಣ್ಣುಮಗಳನ್ನು ಸಾಕಿದವಳು. ರಾತ್ರಿ ಬಸ್ಸು ತಡವಾದರೆ ಬಾಗಿಲಲ್ಲಿ ನಿಂತವಳು. ಎಚ್ಚರ ಬೇಡವೆಂದು ನಾನು ಹೇಳುತ್ತಿಲ್ಲ. ಕಾಲದ ಮೇಲೆ ಅನುಮಾನವಿದ್ದರೆ ಕಾಲದ ಮೇಲೆ ಅನುಮಾನವಿದೆ ಎಂದೇ ಮಗುವಿಗೆ ಹೇಳೋಣ. ಅದನ್ನು ಮಗುವಿನ ನಡತೆಯ ಖಾತೆಗೆ ಯಾಕೆ ಬರೆಯುವುದು? "ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ" ಎಂದು ಶುರುಮಾಡಿ, ಅವಳ ಸ್ನಾನದ ಹೊತ್ತಿಗೆ ಫೋನು ತೆಗೆದು ನೋಡುವುದು ಎಚ್ಚರವಲ್ಲ, ಕಳ್ಳತನ. ನೋಡಲೇಬೇಕಾದರೆ ಅವಳ ಎದುರಿಗೆ ಕೇಳಿ ನೋಡಿ. ಮಕ್ಕಳು ಸುಳ್ಳು ಹೇಳುವುದಿಲ್ಲವೇ? ಹೇಳುತ್ತಾರೆ. ಆದರೆ ಮೂವತ್ತು ವರ್ಷ ಕ್ಲಾಸಿನಲ್ಲಿ ನಿಂತು ನಾನು ಕಂಡದ್ದು, ಹೆಚ್ಚಿನ ಸುಳ್ಳುಗಳು ನಿಜ ಹೇಳಿದರೂ ಯಾರೂ ನಂಬುವುದಿಲ್ಲ ಎಂದು ಖಾತ್ರಿಯಾದ ಮೇಲೆ ಹುಟ್ಟಿದವು. "ನಾನೇ ತೆಗೆದೆ ಮಿಸ್" ಎಂಬುದೂ ಅಂಥದೇ ಒಂದು ಸುಳ್ಳು. ಅದನ್ನು ಹೇಳಿಸಿದವಳು ನಾನು.

ಆ ಹುಡುಗಿ ಮೂರು ವರ್ಷದ ಹಿಂದೆ ಸಿಕ್ಕಳು. ಹುಡುಗಿ ಎನ್ನುತ್ತೇನೆ, ಅವಳಿಗೂ ಈಗ ತಲೆಯಲ್ಲಿ ಒಂದೆರಡು ಬಿಳಿಗೂದಲು. ತನ್ನ ಮಗಳನ್ನು ಸೇರಿಸಲು ನಾನೀಗಿರುವ ಶಾಲೆಗೆ ಬಂದಿದ್ದಳು. ನನ್ನನ್ನು ಕಂಡು ಕೈಮುಗಿದಳು. ಕಾಫಿ ತರಿಸಿದೆ. ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ, ಇಬ್ಬರಿಗೆ ಕೆಲಸ ಕೊಟ್ಟಿದ್ದಾಳೆ. ಅದೂ ಇದೂ ಮಾತಾಡಿದೆವು. ನಾನು ಹಳೆಯ ವಿಷಯ ಎತ್ತಲೋ ಬೇಡವೋ ಎಂದು ಒದ್ದಾಡುತ್ತಿದ್ದೆ. ಹೊರಡುವಾಗ ಅವಳೇ ತಿರುಗಿ, "ಮಿಸ್, ಒಂದು ಮಾತು. ನನ್ನ ಮಗಳ ಕ್ಲಾಸಲ್ಲಿ ಏನಾದ್ರೂ ಕಳೆದ್ರೆ, ಮೊದಲು ಪೂರ್ತಿ ಹುಡುಕಿ" ಎಂದಳು. ನಗುತ್ತಲೇ ಹೇಳಿದಳು. ಅವಳ ಮಗಳು ಪಕ್ಕದಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತಿತ್ತು.

ಆಗ ಕೇಳಿದೆ ಕ್ಷಮೆ, ಅವಳ ಮಗಳ ಎದುರಿಗೇ. ಅವಳು "ಬಿಡಿ ಮಿಸ್, ಹಳೇದು" ಎಂದಳು. ಹಳೆಯದಾಗಿದ್ದರೆ ಆ ಮಾತು ಬರುತ್ತಿತ್ತೇ? ಹಕ್‌ಗೆ ಹದಿನೈದು ನಿಮಿಷ ಹಿಡಿಯಿತು ಎಂದೆನಲ್ಲ, ನನಗೆ ಇಪ್ಪತ್ತೈದು ವರ್ಷದ ಮೇಲೆ ಹಿಡಿಯಿತು. ಅಷ್ಟರಲ್ಲಿ ಅವಳ ಜೊತೆ ಕೂರದೆ ಎದ್ದುಹೋದ ಬೆಂಚಿನವರೆಲ್ಲ ಎಲ್ಲೆಲ್ಲಿಗೋ ಹೋಗಿದ್ದಾರೆ. ಅವರಿಗೆ ಹೋಗಿ ಹೇಳುವವರು ಯಾರು? ಅವರಲ್ಲಿ ಎಷ್ಟೋ ಜನ ಇವತ್ತಿಗೂ ಅವಳನ್ನು ಕಳ್ಳಿಯೆಂದೇ ನೆನೆಯುತ್ತಿರಬಹುದು. ಈ ಬರಹ ಅವರಲ್ಲಿ ಒಬ್ಬರ ಕೈಗಾದರೂ ಸಿಗಲಿ ಎಂಬ ಆಸೆಯೂ ನನಗಿದೆ. ಅವಳು ದುಡ್ಡು ತೆಗೆದಿರಲಿಲ್ಲ. ದುಡ್ಡು ನನ್ನ ಹಾಜರಿ ಪುಸ್ತಕದ ಹೊದಿಕೆಯಲ್ಲಿತ್ತು.

ಈಗ ಪ್ರತಿವರ್ಷ ಜೂನ್‌ನಲ್ಲಿ ಹೊಸ ತರಗತಿಗೆ ಈ ಕಥೆಯನ್ನು ಹೆಸರಿಲ್ಲದೆ ಹೇಳುತ್ತೇನೆ, ನನ್ನ ತಪ್ಪು ಎಂದೇ ಹೇಳುತ್ತೇನೆ. ಶಿಸ್ತು ಹಾಳಾಗಲಿಲ್ಲ. ಪುಸ್ತಕದ ಕಪಾಟಿನ ಬೀಗದ ಕೈಯನ್ನು ವಾರಕ್ಕೊಬ್ಬರಂತೆ ಮಕ್ಕಳ ಕೈಗೇ ಕೊಡುತ್ತೇನೆ, ರೋಲ್ ನಂಬರಿನ ಪ್ರಕಾರ. ಒಳ್ಳೆಯವರಿಗೆ ಮೊದಲು ಎಂಬ ಲೆಕ್ಕವಿಲ್ಲ. ಕೆಲವು ಪುಸ್ತಕ ಕಳೆದಿವೆ. ಕಪಾಟಿಗೆ ನಾನು ಬೀಗ ಜಡಿದು ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಾಲದಲ್ಲಿ ಒಂದೂ ಕಳೆಯುತ್ತಿರಲಿಲ್ಲ. ಒಂದನ್ನೂ ಯಾರೂ ಓದುತ್ತಲೂ ಇರಲಿಲ್ಲ.

ಸೈಕಲ್ ಕೇಳಿದ ಹುಡುಗಿಯನ್ನು ಮರುದಿನ ಕರೆದು, "ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಕಣೇ" ಎಂದೆ. ಅವಳಿಗೆ ಆಶ್ಚರ್ಯವಾಯಿತು. ಅವಳ ತಾಯಿಗೆ ಫೋನ್ ಮಾಡಿ, ಒಂದು ಸಲ ಕಳಿಸಿ ನೋಡಿ, ಎಷ್ಟು ಹೊತ್ತಿಗೆ ಬರುತ್ತಾಳೆಂದು ಅವಳನ್ನೇ ಕೇಳಿ ಎಂದೆ. ಅವರು "ನೋಡ್ತೀನಿ ಮಿಸ್" ಎಂದರು. ಕಳಿಸಿದರೋ ಇಲ್ಲವೋ, ಸೈಕಲ್ ಇನ್ನೂ ನಮ್ಮ ಶಾಲೆಯ ಗೇಟಿನ ಬಳಿ ಕಂಡಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ನನ್ನ ಹಾಗೆ ಚಾಕ್‌ಪೀಸು ಹಿಡಿದವರೇ, ಮಕ್ಕಳ ನಂಬಿಕೆಗೆ ಅಂಕ ಹಾಕುವ ಮುಂಚೆ ನಮ್ಮ ಅಂಕಪಟ್ಟಿ ಒಮ್ಮೆ ತೆಗೆದು ನೋಡೋಣ. ಕೊಟ್ಟ ಮಾತು ಎಷ್ಟು, ಉಳಿಸಿಕೊಂಡದ್ದು ಎಷ್ಟು? ತಪ್ಪು ಮಾಡಿದಾಗ ಮೆಟ್ಟಿಲು ಹತ್ತಿ ಹೋದದ್ದು ಎಷ್ಟು ಸಲ? ಮನೆಯಲ್ಲಿ ಏನಾದರೂ ಕಳೆದರೆ, ಮಗುವಿನ ಮುಖ ನೋಡುವ ಮೊದಲು ಪೂರ್ತಿ ಹುಡುಕಿ.